ಅಂಗಾಲು ಜುಮ್ಮೆನ್ನುತ್ತಿದ್ದರೆ ಬಿ12 ನೋಡಿಸಿ

ಅಂಗಾಲು ಜುಮ್ಮೆನ್ನುವುದು, ನಾಲಿಗೆ ಕೆಂಪಗೆ ನುಣ್ಣಗಾಗಿ ಬಿಸಿ ಸಾರು ತಾಗಿದರೆ ಉರಿಯುವುದು, ನಾಲ್ಕು ಮೆಟ್ಟಿಲಿಗೇ ಏದುಸಿರು, ಮರೆವು. ಇದನ್ನೆಲ್ಲ ‘ವಯಸ್ಸಾಯ್ತಲ್ವಾ’ ಅಂತ ಸುಮ್ನೆ ಬಿಡಬೇಡಿ. ಬೇರೆ ಕಾರಣವೂ ಇರಬಹುದು, ಆದರೆ ವಿಟಮಿನ್ ಬಿ12 ಕಡಿಮೆಯಾದಾಗಲೂ ಹೀಗೇ ಆಗುತ್ತದೆ.

ರಾಗಿ, ಕಾಳು, ಸೊಪ್ಪು ಎಷ್ಟು ತಿಂದರೂ ಬಿ12 ಸಿಗುವುದಿಲ್ಲ. ಅದು ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಹಾಗಾಗಿ ಸಸ್ಯಾಹಾರಿಗಳಲ್ಲಿ ಕೊರತೆ ಜಾಸ್ತಿ. ಊಟಕ್ಕೊಂದು ಲೋಟ ನೀರು ಮಜ್ಜಿಗೆ ಇದಕ್ಕೆ ಸಾಲದು. ವಾಟ್ಸಾಪ್‌ನಲ್ಲಿ ಓಡಾಡುವ ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನಂತೂ ನಂಬಬೇಡಿ. ಅದರಲ್ಲಿರುವ ಬಿ12 ಬಹುಪಾಲು ನಮ್ಮ ಮೈಗೆ ಹತ್ತುವ ರೂಪದ್ದಲ್ಲ.

ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ನುಂಗುವವರು ಇನ್ನೂ ಹುಷಾರಾಗಿರಬೇಕು. ಇವು ಬಿ12 ಹೀರಿಕೆಯನ್ನು ತಗ್ಗಿಸುತ್ತವೆ. ಹಾಗಂತ ಶುಗರ್ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.

ರಕ್ತ ಪರೀಕ್ಷೆಯಲ್ಲಿ ಒಂದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. ಮಾತ್ರೆ ಶುರು ಮಾಡುವ ಮೊದಲೇ ಪರೀಕ್ಷೆ ಮಾಡಿಸಿ, ಆಮೇಲೆ ಮಾಡಿಸಿದರೆ ನಿಜವಾದ ಮಟ್ಟ ಗೊತ್ತಾಗುವುದಿಲ್ಲ. ಕೊರತೆ ಹೆಚ್ಚಿದ್ದರೆ, ನರಕ್ಕೆ ತೊಂದರೆಯಾಗಿದ್ದರೆ ಇಂಜೆಕ್ಷನ್. ಇಲ್ಲದಿದ್ದರೆ ಹೆಚ್ಚಾಗಿ ಮಾತ್ರೆಯೇ ಸಾಕು.

ಇನ್ನೊಂದು ವಿಷಯ. ರಕ್ತ ಕಡಿಮೆ ಅಂತ ಮೆಡಿಕಲ್ ಶಾಪಿನಿಂದ ಬರೀ ಫೋಲಿಕ್ ಆ್ಯಸಿಡ್ ತಂದು ನುಂಗಬೇಡಿ. ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಆದರೆ ಬಿ12 ಕೊರತೆ ಹಾಗೇ ಉಳಿದು ಒಳಗೆ ನರ ಹಾಳಾಗುತ್ತಲೇ ಇರುತ್ತದೆ. ತುಂಬಾ ತಡವಾದರೆ ಆ ಜೋಮು ಪೂರ್ತಿ ಹೋಗದೆಯೂ ಇರಬಹುದು.