ಅಬ್ಬಾ ಕಿಮೋನೊ ಹೊಲಿಯುವವರಿಗೆ ಒಂದು ಸಲಹೆ

70ರ ದಶಕದಲ್ಲಿ ಸ್ವೀಡನ್ನಿನ ಅಬ್ಬಾ ಪಾಪ್ ಸಂಗೀತ ತಂಡದ ಗಾಯಕಿಯರು ಅಗ್ನೆತಾ, ಫ್ರಿದಾ ತೊಟ್ಟ ಸ್ಯಾಟಿನ್ ಕಿಮೋನೊಗಳ (ಜಪಾನಿನ ಸಡಿಲ ನಿಲುವಂಗಿ) ಪ್ರತಿ ಮಾಡುವವರು ದಯವಿಟ್ಟು ಬ್ಲೌಸಿನ ಅಳತೆಯಿಂದ ಶುರು ಮಾಡಬೇಡಿ. ಕಿಮೋನೊಗೆ ಆರ್ಮ್‌ಹೋಲ್ (ತೋಳು ಜೋಡಿಸುವ ಕಂಡಿ) ಗುಂಡಗೆ ಕತ್ತರಿಸುವುದಿಲ್ಲ. ಜಪಾನಿನಲ್ಲಿ ಸುಮಾರು 36 ಸೆಂ.ಮೀ. ಅಗಲದ ಬಟ್ಟೆಯ ನೇರ ಪಟ್ಟಿಗಳನ್ನೇ ಜೋಡಿಸುತ್ತಾರೆ. ಭುಜದಿಂದ ತೋಳು ಇಳಿಬಿದ್ದು ತೂಗುವ ಆ ಚೆಂದ ಬರುವುದೇ ಇದರಿಂದ.

ಹೆಂಗಸರ ಕಿಮೋನೊದಲ್ಲಿ ಕಂಕುಳ ಕೆಳಗೆ ಸ್ವಲ್ಪ ಜಾಗ ಹೊಲಿಯದೆ ಬಿಟ್ಟಿರುತ್ತಾರೆ. ಇದನ್ನು ಮರೆಯಬೇಡಿ! ನನ್ನ ಮೊದಲ ಉಡುಪಿನಲ್ಲಿ ಅದನ್ನೂ ಹೊಲಿದುಬಿಟ್ಟಿದ್ದೆ. ಅದನ್ನು ತೊಟ್ಟು ಹಾಡುತ್ತಿದ್ದ ಹುಡುಗಿ ಕೈ ಎತ್ತಿದ ಕೂಡಲೇ ಹೊಲಿಗೆ ಬಿಚ್ಚಿಕೊಂಡಿತು. ಪಾಪ, ಅವಳು ಇಡೀ ಹಾಡನ್ನು ಕೈ ಇಳಿಸಿಕೊಂಡೇ ಮುಗಿಸಿದಳು.

ಸ್ಯಾಟಿನ್ ಜಾರುತ್ತದೆ, ಎಳೆ ಬಿಡುತ್ತದೆ. ಸಣ್ಣ ಹೊಸ ಸೂಜಿ ಹಾಕಿ, ಅಂಚಿಗೆ ಓವರ್‌ಲಾಕ್ ಮಾಡಿಸಿ, ಇಸ್ತ್ರಿಯನ್ನು ಒಳಮೈಗೆ ಮಾತ್ರ ಕಡಿಮೆ ಬಿಸಿಯಲ್ಲಿ ಹಾಕಿ. ಮಿಣುಕು ಕೆಲಸ ಬೇಕಾದವರು ಅದನ್ನು ಪಟ್ಟಿ ಜೋಡಿಸುವ ಮೊದಲೇ ಮುಗಿಸಿ.

ಸೊಂಟದ ಓಬಿ ಪಟ್ಟಿಗೆ ಒಳಗೆ ಕ್ಯಾನ್ವಾಸ್, ಹಿಂದೆ ವೆಲ್ಕ್ರೋ ಇಟ್ಟರೆ ಕುಣಿಯುವಾಗ ಜಾರದು. ಕಿಮೋನೊ ಹಾಕಿಸುವಾಗ ತೊಟ್ಟವರ ಎಡಮಗ್ಗುಲು ಮೇಲೆ ಬರಲಿ. ಬಲಮಗ್ಗುಲು ಮೇಲೆ ಬಂದರೆ ಅದು ಜಪಾನಿನಲ್ಲಿ ಶವಕ್ಕೆ ಉಡಿಸುವ ಕ್ರಮ.