ಹಳೇ ಟ್ರಕ್ಕಿಗೆ ಹೊರಗಿನ ಸನ್ ವೈಸರ್: ಗಾಜು ಒಡೆಯದ ಹಾಗೆ ಕೂರಿಸುವುದು ಹೇಗೆ?

ಮುಂದಿನ ಗಾಜಿನ ಮೇಲೆ ಟೋಪಿಯ ಅಂಚಿನ ಹಾಗೆ ಚಾಚಿಕೊಂಡಿರುವ ಆ ತಗಡಿನ ವೈಸರ್ ಇದ್ದರೆ ಹಳೇ ಟ್ರಕ್ಕಿಗೆ ಬೇರೆಯದೇ ಗತ್ತು. ಬರೀ ಅಂದಕ್ಕಷ್ಟೇ ಅಲ್ಲ. ಏಸಿ ಇಲ್ಲದ ಕ್ಯಾಬಿನ್ನಿನಲ್ಲಿ ಮಧ್ಯಾಹ್ನದ ಬಿಸಿಲು ನೇರವಾಗಿ ಡ್ಯಾಶ್‌ಬೋರ್ಡಿಗೆ ಬೀಳದ ಹಾಗೆ ತಡೆಯುವುದು ದೊಡ್ಡ ಉಪಕಾರ. ಅಮೆರಿಕದಲ್ಲಿ ಫುಲ್ಟನ್ ಕಂಪನಿಯ ವೈಸರ್‌ಗಳು 1940, 50ರ ದಶಕಗಳಲ್ಲಿ ಎಷ್ಟು ಹೆಸರು ಮಾಡಿದ್ದವೆಂದರೆ, ಇವತ್ತು ಬೇರೆಯವರು ಮಾಡಿದ ನಕಲುಗಳನ್ನೂ ಜನ ‘ಫುಲ್ಟನ್ ಥರದ್ದು’ ಅಂತಲೇ ಕೇಳುತ್ತಾರೆ.

ಆದರೆ ಇದನ್ನು ಕೂರಿಸುವಾಗ ಜನ ಮಾಡುವ ಎಡವಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಪ್ಪತ್ತು ವರ್ಷ ಉಳಿದುಕೊಂಡು ಬಂದ ಗಾಜು, ಒಂದು ಬೋಲ್ಟನ್ನು ಎರಡು ಸುತ್ತು ಜಾಸ್ತಿ ತಿರುಗಿಸಿದ್ದಕ್ಕೆ ಬಿರುಕು ಬಿಡುತ್ತದೆ. ಅದೂ ಆ ಕ್ಷಣ ಅಲ್ಲ. ವಾರ ಕಳೆದ ಮೇಲೆ, ಯಾವುದೋ ಗುಂಡಿ ಇಳಿದಾಗ. ಆಗ ತಪ್ಪು ಗುಂಡಿಯದ್ದು ಅನ್ನಿಸುತ್ತದೆ. ಅಲ್ಲ, ತಪ್ಪು ವೈಸರನ್ನು ಟ್ರಕ್ಕಿಗೆ ಹಿಡಿದಿಡುವ ಬ್ರಾಕೆಟ್ಟಿನದ್ದು.

ಒಂದೇ ನಿಯಮ ಹೇಳುತ್ತೇನೆ, ಕೆಳಗಿನ ಎಲ್ಲಾ ಕೆಲಸ ಅದರ ಮೇಲೆಯೇ ನಿಂತಿದೆ. ವೈಸರನ್ನು ಎಳೆದು ಬ್ರಾಕೆಟ್ಟಿಗೆ ಹೊಂದಿಸಬೇಡಿ. ಬ್ರಾಕೆಟ್ಟನ್ನು ವೈಸರ್ ಇರುವ ಜಾಗಕ್ಕೆ ಹೊಂದಿಸಿ.

ಮೊದಲು ಟ್ರಕ್ಕನ್ನು ನೋಡಿ

ಬಾಗಿಲಿನ ಮೇಲೆ ಮಳೆನೀರು ಹರಿದುಹೋಗಲು ಒಂದು ಗಟರ್ ಇರುತ್ತದಲ್ಲ, ಪಕ್ಕದ ಬ್ರಾಕೆಟ್‌ಗಳು ಹೆಚ್ಚಾಗಿ ಕಚ್ಚಿಕೊಳ್ಳುವುದು ಅದಕ್ಕೆ. ಅದರೊಳಗೆ ಉಗುರು ಹಾಕಿ ಕೆರೆಯಿರಿ. ಪೇಂಟಿನ ಕೆಳಗೆ ಪುಡಿ ಪುಡಿಯಾಗಿ ತುಕ್ಕು ಬಂದರೆ ಮೊದಲು ಅದನ್ನು ರಿಪೇರಿ ಮಾಡಿಸಿ, ಆಮೇಲೆ ವೈಸರ್ ಮಾತು. ಗಾಜಿನ ಅಂಚಿನಲ್ಲಿ ಸಣ್ಣ ಬಿರುಕೇನಾದರೂ ಇದೆಯಾ, ಸುತ್ತಲಿನ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿದೆಯಾ ನೋಡಿ. ರಬ್ಬರ್ ಬದಲಿಸುವ ಯೋಚನೆ ಇದ್ದರೆ ಈಗಲೇ ಬದಲಿಸಿ. ವೈಸರ್ ಕೂತ ಮೇಲೆ ಗಾಜು ತೆಗೆಯುವುದು ರೇಜಿಗೆ ಕೆಲಸ.

ನಿಮ್ಮ ಟ್ರಕ್ಕಿನ ಗಾಜು ಒಂದೇ ತುಂಡೋ, ಎರಡು ತುಂಡೋ ಅನ್ನುವುದು ಮುಖ್ಯ. 1947ರಲ್ಲಿ ಬಂದ ಷೆವರ್ಲೆ ಅಡ್ವಾನ್ಸ್ ಡಿಸೈನ್ ಟ್ರಕ್ಕುಗಳಲ್ಲಿ 1953ರ ಮಾಡೆಲ್ ತನಕ ಎರಡು ಚಪ್ಪಟೆ ಗಾಜು, ಮಧ್ಯದಲ್ಲಿ ಒಂದು ನಡುಪಟ್ಟಿ. 1954ಕ್ಕೆ ಅದು ಒಂದೇ ಬಾಗಿದ ಗಾಜಾಯಿತು. 1948ರ ಫೋರ್ಡ್ ಎಫ್-1ರಲ್ಲಿ ಶುರುವಿನಿಂದಲೇ ಒಂದೇ ಗಾಜು. ‘ಎಲ್ಲಾ ಟ್ರಕ್ಕಿಗೂ ಹೊಂದುತ್ತದೆ’ ಅಂತ ಡಬ್ಬಿಯ ಮೇಲೆ ಬರೆದ ಕಿಟ್ ತರುವ ಮುಂಚೆ ಇದನ್ನು ಗಮನಿಸಿ. ನಡುಪಟ್ಟಿಗೆ ಅಂತ ಮಾಡಿದ ಬ್ರಾಕೆಟ್ಟಿಗೆ ಒಂದೇ ತುಂಡಿನ ಗಾಜಿನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಇನ್ನೂ ಹಳೆಯ ಕೆಲವು ಟ್ರಕ್ಕುಗಳಲ್ಲಿ ವೈಪರ್ ಗಾಜಿನ ಮೇಲ್ತುದಿಯಲ್ಲಿರುತ್ತದೆ, ಗಾಜು ಹೊರಕ್ಕೆ ತೆರೆದುಕೊಳ್ಳುತ್ತದೆ. ಅಂಥದ್ದಾದರೆ ವೈಪರ್ ಪೂರ್ತಿ ಓಡಾಡಲು, ಗಾಜು ಪೂರ್ತಿ ತೆರೆಯಲು ಜಾಗ ಉಳಿಯುತ್ತದಾ ಅಂತ ಅಳೆದುಕೊಂಡೇ ಮುಂದುವರಿಯಿರಿ.

ಪೇಂಟ್ ಮಾಡುವ ಮುಂಚೆ ಒಮ್ಮೆ ಕೂರಿಸಿ

ಹೊಸ ವೈಸರ್ ಬಂದ ಕೂಡಲೇ ಪೇಂಟ್ ಹೊಡೆಸಿ ತರುವವರೇ ಜಾಸ್ತಿ. ಬೇಡ. ಈ ಕೆಲಸದಲ್ಲಿ ವೈಸರನ್ನು ನಾಲ್ಕಾರು ಸಲ ಹತ್ತಿಸಿ ಇಳಿಸಬೇಕಾಗುತ್ತದೆ, ತೂತುಗಳನ್ನು ಅರದಿಂದ ಉಜ್ಜಬೇಕಾಗುತ್ತದೆ. ಬರೀ ಪ್ರೈಮರಿನಲ್ಲೇ ಇರಲಿ.

ಮೊದಲು ಒಂದು ಹಳೇ ಕಂಬಳಿ ಹಾಸಿ, ನೆಲದ ಮೇಲೆ ವೈಸರಿನ ಎರಡೂ ಅರ್ಧಗಳನ್ನು ಜೋಡಿಸಿ. ಬೋಲ್ಟುಗಳು ಕೈಬಿಗಿಯಷ್ಟೇ ಇರಲಿ. ಟ್ರಕ್ಕಿನ ಚಾವಣಿಯ ಮುಂಭಾಗಕ್ಕೆ, ಗಾಜಿನ ಸುತ್ತ, ಗಟರ್ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಎರಡು ಪದರ ಅಂಟಿಸಿ. ಎರಡೂ ಕಡೆಯ ಗಟರ್‌ನಿಂದ ಅಳತೆ ತೆಗೆದು ನಟ್ಟನಡುವೆ ಪೆನ್ಸಿಲ್ ಗುರುತು ಹಾಕಿ. ನಡುಪಟ್ಟಿಯನ್ನೇ ಮಧ್ಯ ಅಂತ ನಂಬಬೇಡಿ, ಹಳೇ ಕ್ಯಾಬಿನ್ನುಗಳಲ್ಲಿ ಅದು ಎರಡು ಮೂರು ಮಿಲಿಮೀಟರ್ ಆಚೀಚೆ ಇರುವುದು ಮಾಮೂಲು.

ಇದು ಒಬ್ಬರ ಕೆಲಸ ಅಲ್ಲ. ವೈಸರ್ ಎತ್ತಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

ಪಕ್ಕದ ಬ್ರಾಕೆಟ್

ಗಟರ್‌ಗೆ ಸಿಕ್ಕಿಸಿ, ಸ್ಕ್ರೂ ಬಿದ್ದುಹೋಗದಷ್ಟು ಮಾತ್ರ ತಿರುಗಿಸಿ ಬಿಡಿ. ಸ್ಕ್ರೂ ತುದಿ ಚೂಪಾಗಿದ್ದರೆ ಗಟರಿನ ಪೇಂಟನ್ನು ಸೀಳಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಮಧ್ಯೆ ಹಿತ್ತಾಳೆಯ ಒಂದು ಸಣ್ಣ ಪಟ್ಟಿ ಇಡಿ. ಈಗ ಬಾಗಿಲನ್ನು ಪೂರ್ತಿ ತೆರೆದು ಮುಚ್ಚಿ. ಬ್ರಾಕೆಟ್ ತಾಗುತ್ತಿದ್ದರೆ ಒಂದು ಬೆರಳಿನಷ್ಟು ಮುಂದಕ್ಕೆ ಸರಿಸಿ. ಇಷ್ಟೇ.

ನಡುವಿನ ಬ್ರಾಕೆಟ್: ಇಲ್ಲಿ ಅವಸರ ಬೇಡ

ಮಧ್ಯದ ಆಸರೆ ಯಾಕೆ ಬೇಕು ಅಂತ ಮೊದಲು ತಿಳಿದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರಿನ ಗಾಳಿ ಒಂದು ಚದರ ಮೀಟರಿಗೆ ಸುಮಾರು 30 ಕಿಲೋ ಭಾರದಷ್ಟು ತಳ್ಳುತ್ತದೆ. 140 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ವೈಸರ್ ಗಾಳಿಗೆ ಪೂರ್ತಿ ಎದೆಯೊಡ್ಡಿದರೆ ಸುಮಾರು ಎಂಟು ಕಿಲೋ ಆಯಿತು. ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. ಎದುರಿನಿಂದ ದೊಡ್ಡ ಲಾರಿ ಬಂದು ಹಾದುಹೋದಾಗ ಅದರ ಗಾಳಿಯೂ ಸೇರುತ್ತದೆ. ಪಕ್ಕದ ಎರಡು ಬ್ರಾಕೆಟ್ ಮಾತ್ರ ಹಿಡಿದಿದ್ದರೆ ತಗಡು ಮಧ್ಯದಲ್ಲಿ ಮೇಲೆ ಕೆಳಗೆ ಬಡಿದುಕೊಳ್ಳುತ್ತದೆ. ಹಾಗಾಗಿ ನಡುವಿನ ಬ್ರಾಕೆಟ್ ಬಿಟ್ಟು ‘ಸದ್ಯಕ್ಕೆ ಹೀಗೇ ಓಡಿಸೋಣ’ ಅನ್ನುವುದು ಬೇಡ.

ಎರಡು ತುಂಡಿನ ಗಾಜಿರುವ ಹಲವು ಟ್ರಕ್ಕುಗಳಲ್ಲಿ ನಡುಪಟ್ಟಿ ಅಂದರೆ ಒಳಗಿನದೊಂದು, ಹೊರಗಿನದೊಂದು ಎರಡು ಪಟ್ಟಿ. ಮಧ್ಯೆ ರಬ್ಬರ್ ಮತ್ತು ಗಾಜಿನ ಅಂಚು. ಸ್ಕ್ರೂಗಳು ಎರಡನ್ನೂ ಹಿಡಿದಿಟ್ಟಿರುತ್ತವೆ. ಬ್ರಾಕೆಟ್ಟಿನ ಪಾದ ಕೂರಬೇಕಾದದ್ದು ಈ ಪಟ್ಟಿಯ ಮೇಲೆ, ಗಾಜಿನ ಮೇಲಲ್ಲ. ಪಾದ ಪಟ್ಟಿಗಿಂತ ಅಗಲವಾಗಿದ್ದರೆ ಮುಲಾಜಿಲ್ಲದೆ ಅರದಿಂದ ಉಜ್ಜಿ ಕಡಿಮೆ ಮಾಡಿ. ಅಗ್ಗದ ನಕಲು ಬ್ರಾಕೆಟ್‌ಗಳಲ್ಲಿ ಇದೇ ದೊಡ್ಡ ತೊಂದರೆ. ಪಾದದ ಮೂಲೆಗಳು ಚೂಪಾಗಿ ಗಾಜಿನ ಕಡೆ ಚಾಚಿಕೊಂಡಿರುತ್ತವೆ, ಮೇಲಿನ ಕ್ರೋಮ್ ಹೊಳಪಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಬ್ರಾಕೆಟ್ಟಿಗೆ ಬೇಕಾದ ಮೇಲಿನ ಸ್ಕ್ರೂ ಒಂದನ್ನೇ ಬಿಚ್ಚಿ, ಉಳಿದವನ್ನು ಮುಟ್ಟಬೇಡಿ. ಎಲ್ಲವನ್ನೂ ಸಡಿಲಿಸಿದರೆ ಗಾಜು ಕೂತ ಜಾಗದಿಂದ ಅಲುಗಾಡಿ, ಮುಂದಿನ ಮಳೆಗೆ ನೀರು ನಿಮ್ಮ ಮೊಣಕಾಲಿನ ಮೇಲೆ. ತೆಗೆದ ಸ್ಕ್ರೂ ಬದಲಿಗೆ ಸ್ವಲ್ಪ ಉದ್ದದ್ದು ಬೇಕಾಗುತ್ತದೆ. ಎಷ್ಟು ಉದ್ದ? ಬ್ರಾಕೆಟ್ ಪಾದದ ದಪ್ಪ ಎಷ್ಟಿದೆಯೋ ಅಷ್ಟೇ ಜಾಸ್ತಿ. ಪಾದ 2 ಮಿ.ಮೀ. ಇದ್ದರೆ ಸ್ಕ್ರೂ ಹಳೆಯದಕ್ಕಿಂತ 2 ಮಿ.ಮೀ. ಉದ್ದ ಇರಲಿ. ‘ಇರಲಿ ಬಿಡು’ ಅಂತ ಇನ್ನೂ ಉದ್ದದ್ದು ಹಾಕಿದರೆ ತುದಿ ತಳ ಮುಟ್ಟಿ ನಿಂತುಬಿಡುತ್ತದೆ. ಕೈಗೆ ಬಿಗಿಯಾದ ಹಾಗೆ ಅನ್ನಿಸುತ್ತದೆ, ಆದರೆ ಪಟ್ಟಿ ಸಡಿಲವಾಗಿಯೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಆ ಕಾಲದ ಅಮೆರಿಕನ್ ಟ್ರಕ್ಕುಗಳ ಥ್ರೆಡ್ಡುಗಳೆಲ್ಲ ಇಂಚಿನ ಲೆಕ್ಕ. ಅವರ 10-32 ಅಳತೆಯ ಸ್ಕ್ರೂ ಮತ್ತು ನಮ್ಮ ಎಂ5 (5 ಮಿ.ಮೀ.) ಸ್ಕ್ರೂ ನೋಡಲು ಒಂದೇ ಥರ ಕಾಣುತ್ತವೆ. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಅಲ್ಲಿ ಜೋರು ಮಾಡಿದರೆ ಹಳೇ ಥ್ರೆಡ್ ಹಾಳು. ಸ್ಕ್ರೂ ಬೆರಳಲ್ಲೇ ಕೊನೆಯವರೆಗೂ ಹೋಗಬೇಕು. ಹೋಗದಿದ್ದರೆ ಅದು ಆ ತೂತಿನ ಸ್ಕ್ರೂ ಅಲ್ಲ.

ಈಗ ವೈಸರನ್ನು ಮೂರೂ ಬ್ರಾಕೆಟ್ಟುಗಳ ಮೇಲೆ ಕೂರಿಸಿ, ಎಲ್ಲಾ ನಟ್ಟು ಸಡಿಲವಾಗಿರುವಾಗಲೇ ಈ ಪರೀಕ್ಷೆ ಮಾಡಿ. ಪಕ್ಕದವರು ವೈಸರ್ ಹಿಡಿದಿರಲಿ. ನಡುವಿನ ಬೋಲ್ಟಿನ ನಟ್ಟು ತೆಗೆದು, ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಸಲೀಸಾಗಿ ಹೊರಗೆ ಬಂತಾ? ಮತ್ತೆ ಒಳಗೆ ದೂಡಿದರೆ ಹಾಗೇ ಹೋಯಿತಾ? ಹಾಗಾದರೆ ಸರಿಯಾಗಿದೆ. ಬೋಲ್ಟ್ ತೆಗೆದ ಕೂಡಲೇ ವೈಸರ್ ತೂತು ಒಂದು ಕಡೆ, ಬ್ರಾಕೆಟ್ ತೂತು ಇನ್ನೊಂದು ಕಡೆ ಸರಿದುಹೋದರೆ, ಅಷ್ಟು ಹೊತ್ತು ಆ ಬೋಲ್ಟ್ ವೈಸರನ್ನು ಬಲವಂತವಾಗಿ ಎಳೆದಿಟ್ಟುಕೊಂಡಿತ್ತು ಅಂತ ಅರ್ಥ. ಆ ಎಳೆತ ನೇರವಾಗಿ ನಡುಪಟ್ಟಿಗೆ, ಅಲ್ಲಿಂದ ಗಾಜಿನ ಅಂಚಿಗೆ ಹೋಗುತ್ತದೆ. ಗಾಜು ಮೈತುಂಬಾ ಹರಡಿದ ಒತ್ತಡವನ್ನು ಚೆನ್ನಾಗಿಯೇ ತಡೆಯುತ್ತದೆ. ಅಂಚಿನಲ್ಲಿ ಒಂದೇ ಬಿಂದುವಿನ ಮೇಲೆ ಬಿದ್ದರೆ ತಡೆಯುವುದಿಲ್ಲ. ಬಿಸಿಲಿಗೆ ತಗಡು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ರಸ್ತೆ ಅಲುಗಾಡಿಸುತ್ತದೆ. ಒಂದು ದಿನ ಬಿರುಕು ಬೀಳುತ್ತದೆ.

ಸರಿಪಡಿಸುವುದು ಹೀಗೆ. ಅಂತರ ಮೇಲೆ ಕೆಳಗೆ ಇದ್ದರೆ ಬ್ರಾಕೆಟ್ ಮತ್ತು ವೈಸರ್ ಮಧ್ಯೆ ವಾಷರ್ ಹಾಕುತ್ತಾ ಹೋಗಿ. ಹಿಂದೆ ಮುಂದೆ ಇದ್ದರೆ ಬ್ರಾಕೆಟ್ಟಿನ ತೂತನ್ನು ದುಂಡನೆಯ ಅರದಿಂದ ಎರಡು ಮೂರು ಮಿಲಿಮೀಟರ್ ಉದ್ದ ಮಾಡಿ. ಬ್ರಾಕೆಟ್ಟನ್ನು ಮೇಜಿನ ಬೆಂಚ್ ವೈಸ್‌ಗೆ ಸಿಕ್ಕಿಸಿ ಸ್ವಲ್ಪ ಬಗ್ಗಿಸಿದರೂ ಸರಿ. ಆದರೆ ಟ್ರಕ್ಕಿನ ಮೇಲಿರುವಾಗ ಬಗ್ಗಿಸಬೇಡಿ. ಬೋಲ್ಟ್ ಸಲೀಸಾಗಿ ಬರುವ ತನಕ ಇದನ್ನೇ ಮಾಡಿ. ಒಂದು ಮಧ್ಯಾಹ್ನ ಪೂರ್ತಿ ಹೋದರೂ ಪರವಾಗಿಲ್ಲ.

ಕೊನೆಗೆ ಒಂದು ಪೋಸ್ಟ್‌ಕಾರ್ಡನ್ನು ಬ್ರಾಕೆಟ್ ಪಾದ ಮತ್ತು ಗಾಜಿನ ಮಧ್ಯೆ ಎರಡೂ ಕಡೆಯಿಂದ ತೂರಿಸಿ ನೋಡಿ. ಎಲ್ಲೂ ಸಿಕ್ಕಿಕೊಳ್ಳಬಾರದು.

ಒಂದೇ ತುಂಡಿನ ಗಾಜಾದರೆ ನಡುವಿನ ಆಸರೆಯನ್ನು ಗಾಜಿನ ಮೇಲಿರುವ ಚಾವಣಿ ತಗಡಿಗೆ ಹಿಡಿಸಬೇಕಾಗುತ್ತದೆ. ಅಂದರೆ ಡ್ರಿಲ್. ಅಸಲಿ ಚಾವಣಿಗೆ ತೂತು ಹಾಕುವುದು ನನಗೆ ಇಷ್ಟವಿಲ್ಲದ ಕೆಲಸ, ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯಿರಿ. ಹಾಕಲೇಬೇಕಾದರೆ ಸರಿಯಾಗಿ ಹಾಕಿ. ಸೆಂಟರ್ ಪಂಚ್‌ನಿಂದ ಗುರುತು ಮಾಡಿ, ಮೊದಲು 3 ಮಿ.ಮೀ. ಬಿಟ್. ಒಳಗಿನ ಲೈನಿಂಗ್ ಹರಿಯದ ಹಾಗೆ ಬಿಟ್ಟಿಗೆ ತುದಿಯಿಂದ ಸ್ವಲ್ಪವೇ ದೂರದಲ್ಲಿ ದಪ್ಪಗೆ ಟೇಪ್ ಸುತ್ತಿಕೊಳ್ಳಿ. ತಗಡಿಗೆ ನೇರವಾಗಿ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆಯುವುದು ಎಲ್ಲರಿಗೂ ಗೊತ್ತಿರುವ ಅಡ್ಡದಾರಿ. ಅದು ಅಲುಗಾಟಕ್ಕೆ ತೂತನ್ನು ದೊಡ್ಡದು ಮಾಡಿಕೊಂಡು ಹೊರಗೆ ಬರುತ್ತದೆ. ಅದರ ಬದಲು ರಿವೆಟ್ ನಟ್ ಹಾಕಿ, ಅಂದರೆ ತೂತಿನಲ್ಲಿ ಕೂತು ತಗಡನ್ನೇ ಕಚ್ಚಿ ಹಿಡಿಯುವ, ಒಳಗೆ ಥ್ರೆಡ್ ಇರುವ ನಟ್ಟು. ಎಂ5 ರಿವೆಟ್ ನಟ್‌ಗೆ 7 ಮಿ.ಮೀ. ತೂತು, ಎಂ6ಕ್ಕೆ 9 ಮಿ.ಮೀ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ ಒಣಗಿಸಿದ ಮೇಲೆಯೇ ನಟ್ ಕೂರಿಸಿ. ನೀರು ಇಳಿಯದಂತೆ ಬ್ಯುಟೈಲ್ ಟೇಪ್ ಅಥವಾ ಪಾಲಿಯುರೆಥೇನ್ ಸೀಲರ್ ಬಳಸಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡವೇ ಬೇಡ. ಒಣಗುವಾಗ ಅದರಿಂದ ಬರುವ ಆಮ್ಲ ಬರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಇನ್ನು ಡಬಲ್ ಸೈಡ್ ಟೇಪಿನಲ್ಲೇ ಅಂಟಿಸುವ ವೈಸರ್‌ಗಳ ಬಗ್ಗೆ ಕೇಳಿದರೆ, ನಿಮ್ಮ ಹಿಂದೆ ಬೈಕಿನಲ್ಲಿ ಬರುವವರನ್ನು ನೆನೆಸಿಕೊಂಡು ಅದನ್ನು ಬಿಟ್ಟುಬಿಡಿ.

ಕಣ್ಣಳತೆ, ಆಮೇಲೆ ಬಿಗಿ

ಲೆವಲ್ ಪಟ್ಟಿ ಪಕ್ಕಕ್ಕಿಡಿ. ಟ್ರಕ್ ನಿಂತ ನೆಲ ಸಮವಿಲ್ಲ, ಹಳೇ ಸ್ಪ್ರಿಂಗ್ ಒಂದು ಕಡೆ ಕುಸಿದಿರುತ್ತದೆ. ವೈಸರ್ ಅಂಚು ಚಾವಣಿಯ ಗೆರೆಗೆ ಹೊಂದಬೇಕು, ನೆಲಕ್ಕಲ್ಲ. ಹತ್ತು ಹೆಜ್ಜೆ ದೂರ ಹೋಗಿ ನಟ್ಟನಡುವಿನಿಂದ ನೋಡಿ. ಚಾವಣಿ ಮತ್ತು ವೈಸರ್ ಮಧ್ಯೆ ಒಂದೆರಡು ಸೆಂಟಿಮೀಟರ್ ಸಂದಿ ಇರಲಿ, ಎರಡೂ ಕಡೆ ಒಂದೇ ಸಮ. ಗಾಳಿ ಅಲ್ಲಿಂದ ಹೊರಹೋಗುತ್ತದೆ, ನೀರು ನಿಲ್ಲುವುದಿಲ್ಲ.

ಎಷ್ಟು ಬಾಗಬೇಕು ಅನ್ನುವುದನ್ನು ಡ್ರೈವರ್ ಸೀಟಿನಲ್ಲಿ ಕೂತೇ ತೀರ್ಮಾನಿಸಿ. ಟ್ರಕ್ ಓಡಿಸುವವರಲ್ಲಿ ಎಲ್ಲರಿಗಿಂತ ಎತ್ತರದವರು ಕೂರಲಿ. ಗಾಜಿನ ಮೇಲ್ತುದಿಯಲ್ಲಿ ವೈಸರ್ ಅಂಚು ತೆಳುವಾಗಿ ಕಂಡರೆ ಸಾಕು. ನೋಟಕ್ಕೆ ಚೆನ್ನಾಗಿರುತ್ತದೆ ಅಂತ ಕೆಳಗೆ ಇಳಿಸಿದರೆ ಸಿಗ್ನಲ್ ದೀಪವೇ ಕಾಣುವುದಿಲ್ಲ. ಆಗಿನ ಕಾಲದಲ್ಲೂ ಇದೇ ಗೋಳಿತ್ತು. ಅದಕ್ಕೇ ಡ್ಯಾಶ್‌ಬೋರ್ಡಿನ ಮೇಲಿಟ್ಟು, ತಲೆಯ ಮೇಲಿನ ಸಿಗ್ನಲ್ ನೋಡುವ ಒಂದು ಸಣ್ಣ ಪಾರದರ್ಶಕ ತುಂಡು ಬೇರೆಯಾಗಿ ಸಿಗುತ್ತಿತ್ತು. ಚೆಂದದ ವಸ್ತು, ಸಿಕ್ಕರೆ ಇಟ್ಟುಕೊಳ್ಳಿ.

ಬಿಗಿ ಮಾಡುವ ಕ್ರಮ: ಮೊದಲು ನಡು, ಆಮೇಲೆ ಎಡ, ಬಲ. ಒಂದೇ ಸಲಕ್ಕಲ್ಲ, ಅರ್ಧರ್ಧ ಸುತ್ತು, ಮೂರು ನಾಲ್ಕು ಸರದಿ. ಪ್ರತಿ ಸರದಿಗೂ ಪೋಸ್ಟ್‌ಕಾರ್ಡ್ ತೂರಿಸಿ ನೋಡಿ.

ಪೇಂಟ್, ಕೊನೆಯ ಜೋಡಣೆ

ಎಲ್ಲಾ ಬಿಚ್ಚಿ, ಯಾವ ವಾಷರ್ ಎಲ್ಲಿತ್ತು ಅಂತ ಚೀಟಿ ಬರೆದು ಪೊಟ್ಟಣ ಕಟ್ಟಿಡಿ. ಮೇಲ್ಭಾಗಕ್ಕೆ ಯಾವ ಬಣ್ಣವಾದರೂ ನಿಮ್ಮಿಷ್ಟ. ಕೆಳಭಾಗಕ್ಕೆ ಮಾತ್ರ ಹೊಳಪಿಲ್ಲದ ಕಪ್ಪು ಅಥವಾ ಕಡು ಹಸಿರು. ಹೊಳೆಯುವ ಬಣ್ಣ ಬಳಿದರೆ ಬಾನೆಟ್ಟಿನ ಬೆಳಕೆಲ್ಲ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತದೆ, ವೈಸರ್ ಹಾಕಿದ್ದೇ ದಂಡ.

ಕೊನೆಯ ಜೋಡಣೆಗೆ ನೈಲಾಕ್ ನಟ್ಟುಗಳನ್ನು (ಅಲುಗಾಟಕ್ಕೆ ಸಡಿಲವಾಗದ ಹಾಗೆ ಒಳಗೆ ನೈಲಾನ್ ಉಂಗುರ ಇರುವಂಥವು) ಹೊಸದಾಗಿ ಹಾಕಿ, ಟ್ರಯಲ್‌ಗೆ ಬಳಸಿದ್ದನ್ನಲ್ಲ. ವೈಸರ್ ಅಲ್ಯೂಮಿನಿಯಂ ಆಗಿದ್ದು ಬೋಲ್ಟ್ ಸ್ಟೇನ್‌ಲೆಸ್ ಆಗಿದ್ದರೆ ಮಧ್ಯೆ ನೈಲಾನ್ ವಾಷರ್ ಹಾಕಿ. ಇಲ್ಲದಿದ್ದರೆ ಮಳೆನೀರು ಸೇರಿ ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ.

ಮೊದಲ ಓಟ ನಿಧಾನಕ್ಕೆ ಇರಲಿ. 40ರಲ್ಲಿ ಹೋಗಿ, ನಿಲ್ಲಿಸಿ, ಕೈಯಿಂದ ಅಲುಗಾಡಿಸಿ ನೋಡಿ. ಆಮೇಲೆ 60. ಆಮೇಲೆ ನಿಮ್ಮ ಟ್ರಕ್ಕು ಆರಾಮಾಗಿ ಹೋಗುವ ವೇಗ. ಸಣ್ಣಗೆ ಸಿಳ್ಳೆ ಬಂದರೆ ಯಾವುದೋ ಸಂದಿ ಕಿರಿದಾಗಿದೆ. ಗುಂಯ್ ಅಂತ ತಗಡು ನಡುಗುವ ಶಬ್ದ ಬಂದರೆ ನಡುವಿನ ಬೋಲ್ಟ್ ನೋಡಿ. ವಾರದ ನಂತರ ಎಲ್ಲಾ ನಟ್ಟುಗಳಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.

ಟ್ರಕ್ಕನ್ನು ಟ್ರೇಲರ್ ಮೇಲೆ ಸಾಗಿಸುವುದಿದ್ದರೆ ಮುಖ ಮುಂದಕ್ಕೇ ಇರಲಿ. ಹಿಂದುಮುಂದಾಗಿ ಹತ್ತಿಸಿದರೆ ಚಾವಣಿಯ ಸಂದಿಯಿಂದ ನುಗ್ಗುವ ಗಾಳಿಯ ಪೆಟ್ಟು ತಲೆಕೆಳಗಾಗಿ ಬೀಳುತ್ತದೆ, ಈ ಬ್ರಾಕೆಟ್ಟುಗಳನ್ನು ಅದಕ್ಕಾಗಿ ಮಾಡಿಲ್ಲ. ಹಾಗೇ ಹತ್ತಿಸಲೇಬೇಕಾದರೆ ಮೊದಲು ವೈಸರ್ ಬಿಚ್ಚಿ, ಕಂಬಳಿ ಸುತ್ತಿ ಸೀಟಿನ ಮೇಲೆ ಮಲಗಿಸಿ.