ಬೀಳುವುದು ಗೊತ್ತು, ಯಾವಾಗ ಅಂತ ಗೊತ್ತಿಲ್ಲ

ಇತ್ತೀಚೆಗೆ ಎರಡು ನಿಮಿಷದ ಒಂದು ಕಾರ್ಟೂನ್ ಮಾಡಿ ಮುಗಿಸಿದೆ. ಕಥೆ ಇಷ್ಟೇ. ಮಲೆನಾಡಿನ ಒಂದು ಮನೆ. ತಾರಸಿ ಮೇಲೆ ಅಜ್ಜಿ ಹಲಸಿನ ಹಪ್ಪಳ ಒಣಗಿಸುತ್ತಿದ್ದಾಳೆ. ಪಕ್ಕದಲ್ಲಿ ವಾಲಿಕೊಂಡ ತೆಂಗಿನ ಮರ. ಹಪ್ಪಳ ಕದಿಯಲು ಒಂದು ಮಂಗ ಬರುತ್ತದೆ. ಮುಟ್ಟಿದಾಗಲೆಲ್ಲ ಅದರ ತಲೆ ಮೇಲೆ ತೆಂಗಿನಕಾಯಿ ಬೀಳುತ್ತದೆ. ಮಾತು ಒಂದೂ ಇಲ್ಲ.

ಕಥೆ ಕೇಳಿದ ಗೆಳೆಯರೆಲ್ಲ ಒಂದೇ ಮಾತು ಹೇಳಿದರು: “ಎರಡನೇ ಸಲಕ್ಕೇ ಕಾಯಿ ಬೀಳುತ್ತೆ ಅಂತ ಗೊತ್ತಾಗಿಬಿಡುತ್ತಲ್ಲ, ಆಮೇಲೆ ಯಾರು ನಗ್ತಾರೆ?” ಆದರೆ ಗೊತ್ತಾಗಲಿ ಅಂತಲೇ ನಾನು ಹಾಗೆ ಬರೆದಿದ್ದೆ. ಈ ಧೈರ್ಯ ಬಂದದ್ದು ಅಮೆರಿಕದ ಹಳೆಯ ಕಿರು ಕಾರ್ಟೂನುಗಳಿಂದ, ಅದರಲ್ಲೂ 1940 ಮತ್ತು 50ರ ದಶಕದವುಗಳಿಂದ. ಅವುಗಳಿಂದ ಏನು ಕಲಿತೆ, ಅದನ್ನು ನನ್ನ ಮಂಗನಿಗೆ ಹೇಗೆ ಹಚ್ಚಿದೆ ಅಂತ ಹೇಳುತ್ತೇನೆ.

ಶುರು ಮಾಡಿದ್ದು ರೋಡ್ ರನ್ನರ್ ಹಕ್ಕಿ ಮತ್ತು ಅದನ್ನು ಅಟ್ಟಿಸಿಕೊಂಡು ಹೋಗುವ, ತೋಳದ ಜಾತಿಯ ಕೊಯೋಟಿಯಿಂದ. ಇವರಿಬ್ಬರ ಮೊದಲ ಚಿತ್ರ ಬಂದದ್ದು 1949ರಲ್ಲಿ, ವಾರ್ನರ್ ಬ್ರದರ್ಸ್‌ನಿಂದ. ನಿರ್ದೇಶಕ ಚಕ್ ಜೋನ್ಸ್, ಕಥೆ ಮೈಕಲ್ ಮಾಲ್ಟೀಸ್. ಟೀವಿಯಲ್ಲಿ ಇವನ್ನು ಎಷ್ಟೋ ಸಲ ನೋಡಿದ್ದೆ. ಈ ಸಲ ನೋಡಿದ ರೀತಿ ಬೇರೆ. ವಿಎಲ್‌ಸಿ ಪ್ಲೇಯರಿನಲ್ಲಿ ‘ಇ’ ಕೀ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಬಿಡಿ ಚಿತ್ರ, ಮುಂದೆ ಹೋಗುತ್ತದೆ. ಸೆಕೆಂಡಿಗೆ 24 ಫ್ರೇಮ್. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿಕೊಂಡೆ. ಒಂದರಲ್ಲಿ “ಏನಾಗುತ್ತೆ ಅಂತ ನನಗೆ ಗೊತ್ತಾದ ಫ್ರೇಮ್”, ಇನ್ನೊಂದರಲ್ಲಿ “ಅದು ನಿಜಕ್ಕೂ ಆದ ಫ್ರೇಮ್”. ಇವೆರಡರ ನಡುವಿನ ಅಂತರ ಎಷ್ಟು ಅಂತ ಪ್ರತಿ ಗ್ಯಾಗಿಗೂ (ನಗಿಸುವ ಪ್ರತಿ ತುಣುಕಿಗೂ) ಬರೆದಿಟ್ಟೆ. ಅನಿಮೇಷನ್ ಕಲಿಯುವವರಿಗೆ ನಾನು ಒಂದೇ ಒಂದು ಅಭ್ಯಾಸ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ.

ಯಾಕೆ ಅಂದರೆ ಆ ಪಟ್ಟಿಯಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಗೊತ್ತಾಗುವುದು ಬಹಳ ಬೇಗ. ಬಂಡೆಯ ಮೇಲೆ ಕೊಯೋಟಿ ಬಣ್ಣದಲ್ಲಿ ಸುರಂಗ ಬರೆಯುತ್ತಾನೆ. ಹಕ್ಕಿ ಅದರೊಳಗೇ ಓಡಿಹೋಗುತ್ತದೆ. ಆ ಕ್ಷಣದಲ್ಲೇ ನಮಗೆ ಗೊತ್ತು, ಇವನು ಓಡಿ ಬಂದು ಬಂಡೆಗೆ ಗುದ್ದುತ್ತಾನೆ ಅಂತ. ಅವನು ಹಿಂದಕ್ಕೆ ಹೋಗಿ ದಾಪುಗಾಲು ಹಾಕಿ ಬರುವಷ್ಟೂ ಹೊತ್ತು ನಾವು ಕಾಯುತ್ತೇವೆ. ಗುದ್ದು ಒಂದೆರಡು ಫ್ರೇಮಿನಲ್ಲಿ ಮುಗಿದುಹೋಗುತ್ತದೆ. ನಗು ತಯಾರಾಗುವುದು ಆ ಕಾಯುವ ಹೊತ್ತಿನಲ್ಲಿ. ಏನಾಗುತ್ತೆ ಅನ್ನುವ ಚಿಂತೆ ನೋಡುಗರಿಗೆ ಇಲ್ಲದಿದ್ದರೆ, ಯಾವಾಗ ಮತ್ತು ಹೇಗೆ ಅನ್ನುವುದರ ಮೇಲೆ ಅವರ ಪೂರ್ತಿ ಗಮನ ಇರುತ್ತದೆ. ಅನಿಮೇಟರಿಗೆ ಆಟ ಆಡಲು ಜಾಗ ಸಿಗುವುದೂ ಅಲ್ಲೇ.

ಕೊಯೋಟಿ ಪ್ರಪಾತಕ್ಕೆ ಬೀಳುವ ದೃಶ್ಯಕ್ಕೆ ಜೋನ್ಸ್ ಹೇಳಿರುವ ಲೆಕ್ಕ ಅನಿಮೇಷನ್ ಮಂದಿಗೆಲ್ಲ ಗೊತ್ತಿರುವಂಥದ್ದು. ಅವನು ಕೆಳಗೆ ಚುಕ್ಕಿಯಾಗಿ ಮಾಯವಾಗಲು 18 ಫ್ರೇಮ್. ಆಮೇಲೆ ನೆಲಕ್ಕೆ ಬಡಿಯಲು 14 ಫ್ರೇಮ್. 13 ಆದರೂ ನಗು ಬರುವುದಿಲ್ಲ, 15 ಆದರೂ ಬರುವುದಿಲ್ಲ ಅಂತ ಅವರ ಅನುಭವ. ಒಂದು ಫ್ರೇಮ್ ಅಂದರೆ ಸೆಕೆಂಡಿನ 24ನೇ ಒಂದು ಪಾಲು! ಆ 14 ಫ್ರೇಮಿನಲ್ಲಿ ಪರದೆ ಮೇಲೆ ಏನೂ ನಡೆಯುವುದಿಲ್ಲ, ಅದನ್ನು ಗಮನಿಸಿ. ಬರೀ ಆಳವಾದ ಕಣಿವೆ. ಧೂಳು ಏಳುವುದನ್ನು ನಾವು ಕಾಯುತ್ತಿರುತ್ತೇವೆ, ಅಷ್ಟೇ.

ಅದಕ್ಕೂ ಮುಂಚೆ ಇನ್ನೊಂದು ಕಾಯುವಿಕೆ ಇದೆ. ಕೊಯೋಟಿ ಬಂಡೆಯ ಅಂಚು ದಾಟಿ ಗಾಳಿಯಲ್ಲಿ ನಿಂತಿರುತ್ತಾನೆ. ಬೀಳುವುದಿಲ್ಲ. ಕಾಲಿನಿಂದ ತಡಕುತ್ತಾನೆ. ಆಮೇಲೆ ನಮ್ಮ ಕಡೆ ತಿರುಗಿ ನೋಡುತ್ತಾನೆ. ನಮಗೆ ಆಗಲೇ ಗೊತ್ತಿದ್ದದ್ದು ಅವನಿಗೆ ಈಗ ಗೊತ್ತಾಯಿತು. ಆ ನೋಟ ನನಗೆ ಈ ಇಡೀ ಸರಣಿಯಲ್ಲಿ ಅತ್ಯಂತ ಇಷ್ಟ. ಬೀಳುವವನೂ ನೋಡುವವರೂ ಒಂದು ಕ್ಷಣ ಒಂದೇ ಕಡೆ ನಿಲ್ಲುತ್ತಾರೆ.

ನನ್ನ ಕಥೆಗೆ ಬೆನ್ನೆಲುಬು ಕೊಟ್ಟದ್ದು ಬೇರೆ ಚಿತ್ರ. ಎಂಜಿಎಂ ಸ್ಟುಡಿಯೋಗಾಗಿ ನಿರ್ದೇಶಕ ಟೆಕ್ಸ್ ಏವರಿ ಮಾಡಿದ “ಬ್ಯಾಡ್ ಲಕ್ ಬ್ಲ್ಯಾಕಿ”, ಅದೂ 1949ರದ್ದೇ. ಒಂದು ಬುಲ್‌ಡಾಗ್ ಪುಟ್ಟ ಬೆಕ್ಕಿನ ಮರಿಯನ್ನು ಪೀಡಿಸುತ್ತಿರುತ್ತದೆ. ಮರಿಗೆ ಒಂದು ಕರಿ ಬೆಕ್ಕು ಸೀಟಿ ಕೊಡುತ್ತದೆ. ಸೀಟಿ ಊದಿದರೆ ಕರಿ ಬೆಕ್ಕು ನಾಯಿಗೆ ಅಡ್ಡ ಹೋಗುತ್ತದೆ, ನಾಯಿ ತಲೆ ಮೇಲೆ ಏನಾದರೂ ಬೀಳುತ್ತದೆ. ನಿಯಮ ಇದೊಂದೇ. ಬೆಕ್ಕು ಅಡ್ಡ ಬಂದರೆ ಅಪಶಕುನ ಅನ್ನುವುದು ನಮ್ಮಲ್ಲೂ ಇದೆಯಲ್ಲ, ಹಾಗಾಗಿ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಬೀಳುವ ವಸ್ತು ಮಾತ್ರ ಬೆಳೆಯುತ್ತಾ ಹೋಗುತ್ತದೆ. ಹೂಕುಂಡದಂಥ ಸಣ್ಣ ವಸ್ತುವಿನಿಂದ ಶುರುವಾದದ್ದು ಕೊನೆಗೆ ಬಸ್ಸು, ವಿಮಾನ, ಹಡಗಿನವರೆಗೆ ಬರುತ್ತದೆ. ಇವೆಲ್ಲ ಆಕಾಶದಲ್ಲಿ ಎಲ್ಲಿದ್ದವು ಅಂತ ಏವರಿ ತೋರಿಸುವುದೇ ಇಲ್ಲ. ನೋಡುವವರು ಕೇಳುವುದೂ ಇಲ್ಲ. ನಿಯಮ ಗಟ್ಟಿಯಾಗಿ ಕೂತರೆ ಲೋಕದ ಲಾಜಿಕ್ ಬೇಕಾಗುವುದಿಲ್ಲ.

ಇದನ್ನು ನೋಡಿದ ಮೇಲೆ ನನ್ನ ಗ್ಯಾಗುಗಳನ್ನು ಹೀಗೆ ಜೋಡಿಸಿದೆ. ಮೊದಲ ಕಾಯಿ ಮುನ್ಸೂಚನೆ ಇಲ್ಲದೆ ಬೀಳುತ್ತದೆ. ಎರಡನೆಯದು ಅದೇ ಜಾಗ, ಅದೇ ವೇಗ, ಅದೇ ಸದ್ದು. ಇಲ್ಲಿ ಬದಲಾವಣೆ ಬೇಡವೇ ಬೇಡ. ಎರಡೂ ಒಂದೇ ಥರ ಇದ್ದಾಗ ಮಾತ್ರ ಇದು ನಿಯಮ ಅಂತ ನೋಡುವವರಿಗೆ ಖಾತ್ರಿಯಾಗುತ್ತದೆ. ಮೂರನೆಯದಕ್ಕೆ ಮಂಗ ಜಾಣತನ ಮಾಡಿ ತಾರಸಿಯ ಆ ಮೂಲೆಗೆ ಹೋಗುತ್ತದೆ, ಮರದಿಂದ ದೂರ. ಆದರೂ ಕಾಯಿ ಬೀಳುತ್ತದೆ. ಎಲ್ಲಿಂದ ಬಂತು ಅಂತ ನಾನೂ ತೋರಿಸುವುದಿಲ್ಲ.

ನಾಲ್ಕನೆಯದು ಚಿತ್ರದ ಹೃದಯ. ಮಂಗ ಒಂದು ಪಾತ್ರೆಯನ್ನು ತಲೆಗೆ ಕವುಚಿಕೊಂಡು ಬರುತ್ತದೆ. ಗತ್ತಿನಿಂದ ಕೂತು ಹಪ್ಪಳ ಮುಟ್ಟುತ್ತದೆ. ಕಾಯಿ ಬೀಳುವುದಿಲ್ಲ. ಇನ್ನೊಂದು ಸಲ ಮುಟ್ಟುತ್ತದೆ. ಇಲ್ಲ. ಪಾತ್ರೆ ಮೇಲೆ ಟಕ್ ಟಕ್ ಅಂತ ಬಡಿದು ನೋಡುತ್ತದೆ. ಇಲ್ಲ. ಪಾತ್ರೆಯನ್ನು ನಿಧಾನಕ್ಕೆ ಎತ್ತಿ ಮೇಲೆ ನೋಡುತ್ತದೆ. ಇಷ್ಟು ಹೊತ್ತಿಗೆ ನೋಡುವವರಿಗೆಲ್ಲ ಗೊತ್ತು. ಪಾತ್ರೆ ಎತ್ತಿದ ತಕ್ಷಣ ಕಾಯಿ ಬೀಳುವ ಹಾಗೆ ಒಂದು ಮಾಡಿ ನೋಡಿದೆ, ಸ್ವಲ್ಪ ತಡವಾಗಿ ಬೀಳುವ ಹಾಗೆ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಎರಡನೆಯದೇ ಗೆದ್ದಿತು. ಮಂಗ ಮೇಲೆ ನೋಡಿ, ಏನೂ ಇಲ್ಲ ಅಂತ ಸಮಾಧಾನದಿಂದ ನಮ್ಮ ಕಡೆ ತಿರುಗಿ ಹಲ್ಲು ಕಿರಿಯುತ್ತದೆ. ಆಮೇಲೆ ಕಾಯಿ. ಕೊಯೋಟಿಯ ಆ ನೋಟಕ್ಕೆ ಇಲ್ಲಿ ನಾನು ಕೃತಜ್ಞ.

ಆ ‘ಸ್ವಲ್ಪ ತಡ’ ಎಷ್ಟು? ಇದಕ್ಕೆ ದಾರಿ ತೋರಿಸಿದ್ದು ಟಾಮ್ ಅಂಡ್ ಜೆರ್ರಿ. ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ 1940ರಿಂದ 1958ರವರೆಗೆ ಇದರ 114 ಚಿತ್ರ ಮಾಡಿದರು, ಏಳು ಆಸ್ಕರ್ ಬಂದವು. ಟೈಮಿಂಗ್ ಹಾನಾ ಅವರ ಜವಾಬ್ದಾರಿ. ಅವರಿಗೆ ಸಂಗೀತದ ಲಯ ಚೆನ್ನಾಗಿ ಗೊತ್ತಿತ್ತು. ಟಾಮ್‌ನ ಆ ಕಿರುಚಾಟವೂ ಅವರದ್ದೇ ಗಂಟಲು. ಆ ಕಾಲದ ಸ್ಟುಡಿಯೋಗಳಲ್ಲಿ ಸ್ವರಪತ್ರದಂಥ ಹಾಳೆಯ ಮೇಲೆ ಚಲನೆಯನ್ನು ತಾಳಕ್ಕೆ ಕೂರಿಸುತ್ತಿದ್ದರು. ಒಂದು ಬೀಟಿಗೆ ಇಷ್ಟು ಫ್ರೇಮ್ ಅಂತ.

ನನಗೆ ಚಿಕ್ಕಂದಿನಲ್ಲಿ ಕಲಿತ ಆದಿತಾಳ ಕೈಯಲ್ಲೇ ಇತ್ತು. ಒಂದು ಎಣಿಕೆಗೆ 12 ಫ್ರೇಮ್ ಇಟ್ಟುಕೊಂಡೆ, ಅಂದರೆ ಅರ್ಧ ಸೆಕೆಂಡು. ಎಂಟು ಎಣಿಕೆಯ ಒಂದು ಆವರ್ತಕ್ಕೆ 96 ಫ್ರೇಮ್, ಸರಿಯಾಗಿ ನಾಲ್ಕು ಸೆಕೆಂಡು. ಮೊದಲ ಮೂರು ಕಾಯಿಯೂ ಸಮಕ್ಕೇ, ಅಂದರೆ ಆವರ್ತದ ಮೊದಲ ಎಣಿಕೆಗೇ, ಬೀಳುತ್ತವೆ. ಕೂತು ನೋಡುವವರ ಮೈಗೆ ಆ ಲಯ ಗೊತ್ತಿಲ್ಲದೆಯೇ ಹತ್ತಿರುತ್ತದೆ. ನಾಲ್ಕನೆಯದರಲ್ಲಿ ಸಮ ಬರುತ್ತದೆ, ಕಾಯಿ ಬರುವುದಿಲ್ಲ. ಅರ್ಧ ಎಣಿಕೆ, ಅಂದರೆ 6 ಫ್ರೇಮ್ ಬಿಟ್ಟು ಬೀಳುತ್ತದೆ. ಜಾಸ್ತಿ ಹೊತ್ತು ಕಾಯಿಸಿದರೆ ಗಮನ ಸಡಿಲವಾಗುತ್ತದೆ, ಕಡಿಮೆಯಾದರೆ ತಡವಾಗಿದ್ದೇ ಗೊತ್ತಾಗುವುದಿಲ್ಲ. ಲಯ ಮೊದಲು ಕಟ್ಟದೆ ಮುರಿಯಲು ಆಗುವುದಿಲ್ಲ, ಅಲ್ವಾ?

ಚಿತ್ರ ಬರೆದದ್ದು ಕ್ರಿಟಾದಲ್ಲಿ. ಉಚಿತ ಸಾಫ್ಟ್‌ವೇರ್, ಇಂಥ ಕೆಲಸಕ್ಕೆ ಧಾರಾಳ ಸಾಕು. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದಿಟ್ಟರೆ ಸೆಕೆಂಡಿಗೆ 12 ಚಿತ್ರ ಬರೆದರೆ ಆಯಿತು. ಕಾಯಿ ಬೀಳುವಾಗ ಮಾತ್ರ ಫ್ರೇಮಿಗೊಂದು ಬರೆದೆ. ಕಾಯಿ ತಲೆಗೆ ತಾಗುವ ಚಿತ್ರವನ್ನು ಬೇಕಂತಲೇ ಬರೆಯಲಿಲ್ಲ. ಒಂದು ಫ್ರೇಮಿನಲ್ಲಿ ಕಾಯಿ ಇನ್ನೂ ಒಂದು ಗೇಣು ಮೇಲಿದೆ, ಮುಂದಿನದರಲ್ಲಿ ಮಂಗ ಆಗಲೇ ರೊಟ್ಟಿಯ ಹಾಗೆ ಚಪ್ಪಟೆ. ನಡುವಿನದನ್ನು ಕಣ್ಣೇ ತುಂಬಿಕೊಳ್ಳುತ್ತದೆ, ಪೆಟ್ಟು ಜೋರಾಗಿ ಕಾಣುತ್ತದೆ. ಬಿದ್ದ ಮೇಲೆ ಒಂದಿಷ್ಟು ಹೊತ್ತು ಏನೂ ಅಲುಗಾಡಬಾರದು. ನಗಲು ಜಾಗ ಬಿಡಬೇಕು.

ಪೆಟ್ಟಿನ ವಿಷಯದಲ್ಲಿ ನನಗೆ ಒಂದು ಕಟ್ಟುನಿಟ್ಟಿದೆ. ನೋವು ಮುಂದಿನ ದೃಶ್ಯಕ್ಕೆ ಹೋಗಬಾರದು. ಟಾಮ್ ಚೂರುಚೂರಾದರೂ ಮುಂದಿನ ಶಾಟಿನಲ್ಲಿ ಇಡಿಯಾಗಿ ಇರುತ್ತಾನೆ. ಇದೂ ಮೊದಲೇ ಗೊತ್ತಿರುವ ಸಂಗತಿ, ಮತ್ತು ನಗುವ ಧೈರ್ಯ ಬರುವುದೇ ಇದರಿಂದ. ಪೆಟ್ಟು ತಿನ್ನುವವನು ತಾನಾಗಿ ತಂಟೆಗೆ ಹೋಗಿರಬೇಕು ಅನ್ನುವುದೂ ಅಷ್ಟೇ ಮುಖ್ಯ. ಕೊಯೋಟಿ ಯಾವ ಕ್ಷಣದಲ್ಲಾದರೂ ಮನೆಗೆ ಹೋಗಬಹುದು, ಹೋಗುವುದಿಲ್ಲ. ನನ್ನ ಅಜ್ಜಿ ಕೊನೆಯವರೆಗೂ ತಲೆ ಎತ್ತುವುದಿಲ್ಲ. ಅವಳು ಒಂದು ಸಲ ಕೋಲು ಎತ್ತಿದ್ದರೂ ಚಿತ್ರ ಕೆಡುತ್ತಿತ್ತು.

ಕೊನೆಗೆ ಅಜ್ಜಿಯೇ ಒಂದು ಹಪ್ಪಳ ತೆಗೆದು ಮಂಗನಿಗೆ ಕೊಡುತ್ತಾಳೆ. ಮಂಗ ಬೇಡ ಬೇಡ ಅಂತ ಕೈ ಮುಗಿಯುತ್ತದೆ. ಅಜ್ಜಿ ಬಾಯಿಗೇ ಇಡುತ್ತಾಳೆ. ಕಾಯಿ ಬೀಳುವುದಿಲ್ಲ. ಮಂಗ ನಿಟ್ಟುಸಿರು ಬಿಡುತ್ತದೆ. ಅಜ್ಜಿ ತನಗೂ ಒಂದು ಹಪ್ಪಳ ಎತ್ತಿಕೊಳ್ಳುತ್ತಾಳೆ. ಕಾಯಿ ಬೀಳುತ್ತದೆ, ಮಂಗನ ತಲೆ ಮೇಲೇ.

ಬೀದಿಯ ಮಕ್ಕಳನ್ನು ಸೇರಿಸಿ ತೋರಿಸಿದೆ. ಮೊದಲ ಕಾಯಿಗೆ ಬೆಚ್ಚಿದರು, ಎರಡನೆಯದಕ್ಕೆ ನಕ್ಕರು. ಪಾತ್ರೆ ಬರುವ ಹೊತ್ತಿಗೆ “ತೆಗೀಬೇಡ, ತೆಗೀಬೇಡ!” ಅಂತ ಮಂಗನಿಗೆ ಕೂಗುತ್ತಿದ್ದರು. ಮುಗಿದ ಕೂಡಲೇ ಇನ್ನೊಮ್ಮೆ ಹಾಕಿ ಅಂದರು. ಎರಡನೇ ಸಲ ನಾನು ಪರದೆ ನೋಡಲಿಲ್ಲ, ಅವರ ಮುಖ ನೋಡಿದೆ. ಈ ಸಲ ನಗು ಕಾಯಿ ಬಿದ್ದಾಗ ಬರಲಿಲ್ಲ. ಮಂಗ ಪಾತ್ರೆ ಹೊತ್ತುಕೊಂಡು ಬರುವಾಗಲೇ ಶುರುವಾಯಿತು. ಹಾಗಾಗಿ ಈಗ ಆ ನಡಿಗೆಯನ್ನು ಉದ್ದ ಮಾಡುತ್ತಿದ್ದೇನೆ. ಇನ್ನೊಂದು ಪೂರ್ತಿ ಆವರ್ತ, 96 ಫ್ರೇಮ್.